ಪೆರ್ಲದ ಮನೆಯ ಕ್ಯಾಮೆರಾ ಹೊರಗಿನಿಂದ ಕಾಣ್ತಿಲ್ಲ, ಪೋರ್ಟ್ ಫಾರ್ವರ್ಡ್ ಮಾಡಿಯಾಯ್ತು, ಎಲ್ಲಿ ತಪ್ಪಿದೆ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಊರು ಕಾಸರಗೋಡಿನ ಪೆರ್ಲದ ಹತ್ತಿರ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಈಗ ಒಂದು ವಾರ ರಜೆ ಹಾಕಿ ಬಂದಿದ್ದೇನೆ, ಭಾನುವಾರ ರಾತ್ರಿ ಬಸ್ಸಿಗೆ ವಾಪಸ್. ಅಷ್ಟರೊಳಗೆ ಇದೊಂದು ಕೆಲಸ ಮುಗಿಸಬೇಕು.

ವಿಷಯ ಏನೆಂದರೆ, ಅಂಗಳದಲ್ಲಿ ಅಡಿಕೆ ಹರವಿದೆ. ಚಾಲಿ ಆಗಲಿಕ್ಕೆ 40–45 ದಿನ ಬಿಸಿಲು ಬೇಕು, ಅಷ್ಟೂ ದಿನ ಅದು ಅಂಗಳದಲ್ಲೇ ಬಿದ್ದಿರುತ್ತದೆ. ಕಳೆದ ವರ್ಷ ಆಚೆ ಮನೆಯವರ ಎರಡು ಗೋಣಿ ಒಂದೇ ರಾತ್ರಿಯಲ್ಲಿ ಮಾಯ. ಅಲ್ಲಿಂದ ಅಪ್ಪನಿಗೆ ನಿದ್ದೆ ಇಲ್ಲ, ನಾಯಿ ಬೊಗಳಿದರೆ ಟಾರ್ಚ್ ಹಿಡಿದು ಹೊರಡುತ್ತಾರೆ, ವಯಸ್ಸು 71. ಅದಕ್ಕೇ ನಾಲ್ಕು ಕ್ಯಾಮೆರಾ ಹಾಕಿಸಿದೆವು. ಅಂಗಳಕ್ಕೆ ಎರಡು, ಗೇಟಿಗೆ ಒಂದು, ಹಟ್ಟಿಯ ಹಿಂದೆ ಒಂದು. ಡಿವಿಆರ್ (ಕ್ಯಾಮೆರಾಗಳ ಚಿತ್ರ ದಾಖಲಿಸುವ ಪೆಟ್ಟಿಗೆ) ಹೊಸತಲ್ಲ, ಸೋದರಮಾವನ ಅಂಗಡಿಯಿಂದ ತೆಗೆದದ್ದು, ಮೇಲೆ ಯಾವ ಹೆಸರೂ ಇಲ್ಲ, ಹಿಂಬದಿಯ ಕ್ಯೂಆರ್ ಸ್ಟಿಕ್ಕರ್ ಅರ್ಧ ಕಿತ್ತು ಹೋಗಿದೆ.

ಇಂಟರ್ನೆಟ್ ನಮ್ಮ ಕಡೆಯ ಕೇಬಲಿನವರ ಫೈಬರ್. ಅವರು ಕೊಟ್ಟ ಒಂದೇ ಪೆಟ್ಟಿಗೆ, ಅದೇ ಮೋಡೆಮ್, ಅದೇ ವೈಫೈ. ಡಿವಿಆರ್‌ಗೆ 192.168.1.108 ಅಂತ ಐಪಿ ಕೈಯಾರೆ ಕೂರಿಸಿದ್ದೇನೆ. ಮನೆಯ ವೈಫೈಯಲ್ಲಿ ಇರುವಾಗ ಫೋನಿನಲ್ಲಿ ಚಂದ ಕಾಣುತ್ತದೆ. ರೂಟರ್ ಪುಟಕ್ಕೆ ಹೋಗಿ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ 80, 554, 34567 ಮೂರನ್ನೂ ಆ ಐಪಿಗೆ ಕೊಟ್ಟೆ, ಅಂದರೆ ಹೊರಗಿನಿಂದ ಆ ಮೂರು ಬಾಗಿಲಿಗೆ ಬಂದದ್ದು ಡಿವಿಆರ್‌ಗೆ ಹೋಗಲಿ ಅಂತ. ಸೇವ್ ಆಯ್ತು, ರೀಸ್ಟಾರ್ಟೂ ಆಯ್ತು. ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಅಂತ ಕೇಳಿ ಆ ನಂಬರ್ ಹಾಕಿದರೆ ಏನೂ ಇಲ್ಲ, ಸುತ್ತುತ್ತಾ ಇರುತ್ತದೆ, ಕೊನೆಗೆ ಟೈಮ್ ಔಟ್. ಪೋರ್ಟ್ ಚೆಕ್ ಮಾಡುವ ಸೈಟಿನಲ್ಲಿ ನೋಡಿದರೆ ಮೂರೂ ಮುಚ್ಚಿದೆಯಂತೆ. ಮೂರು ದಿನದಿಂದ ಇದೇ ಸರ್ಕಸ್. "ನೀನು ಬಂದದ್ದು ನಮ್ಮನ್ನು ನೋಡ್ಲಿಕ್ಕೋ, ಆ ಪೆಟ್ಟಿಗೆ ನೋಡ್ಲಿಕ್ಕೋ" ಅಂತ ಅಮ್ಮ ಕೇಳಿಯೂ ಆಯ್ತು.

ಕೇಬಲಿನವರಿಗೆ ಫೋನ್ ಮಾಡಿದರೆ ನೆಟ್ ಬರ್ತಾ ಇದೆಯಲ್ಲ, ಮತ್ತೇನು ಅಂತ ಮಲಯಾಳದಲ್ಲಿ ಕೇಳಿ ಇಟ್ಟುಬಿಟ್ಟರು. ಗೊತ್ತಿದ್ದವರು ಹೇಳಿ.


ಮುಳ್ಳೇರಿಯಾ ಬಸ್:

ಮೊದಲು ಒಂದು ಸಣ್ಣ ಪ್ರಶ್ನೆ. ಟೆಸ್ಟ್ ಮಾಡಿದ್ದು ಮನೆಯ ವೈಫೈಯಲ್ಲೇ ಕೂತಾ? ಹಾಗಾದರೆ ಆ ಟೆಸ್ಟಿಗೆ ಅರ್ಥ ಇಲ್ಲ. ಮನೆಯೊಳಗೆ ಕೂತು ಮನೆಯ ಹೊರಗಿನ ವಿಳಾಸಕ್ಕೆ ಹೋಗಿ ಮತ್ತೆ ಒಳಗೆ ಬರುವುದು ಎಲ್ಲ ರೂಟರಿಗೂ ಆಗುವುದಿಲ್ಲ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ.


ತೋಟದಮನೆ:

ಮೊಬೈಲ್ ಡೇಟಾದಲ್ಲೂ ನೋಡಿದೆ. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ, ಗುಡ್ಡೆ ಹತ್ತಿದರೆ ಕರ್ನಾಟಕದ ಟವರ್ ಸಿಗುತ್ತದೆ, ಅಲ್ಲಿ ನಿಂತು ನೋಡಿದ್ದು. ಅದೇ ಕಥೆ.


ಬಂದ್ಯೋಡು 99:

ಎಂತಕ್ಕೆ ಇಷ್ಟು ತಲೆಬಿಸಿ ಮಾರಾಯ್ರೆ. ಪೋರ್ಟ್ ಗೀರ್ಟ್ ಎಲ್ಲ ಹಳೇ ಕಾಲದ್ದು. ಡಿವಿಆರ್ ಮೆನುವಿನಲ್ಲಿ ಕ್ಲೌಡ್ ಅಥವಾ ಪಿಟುಪಿ ಅಂತ ಇರುತ್ತದೆ (ಕಂಪನಿಯ ಸರ್ವರ್ ಮೂಲಕ ಆ್ಯಪ್‌ಗೆ ಜೋಡಿಸುವುದು), ಆನ್ ಮಾಡಿ, ಟಿವಿಯ ಮೇಲೆ ಕ್ಯೂಆರ್ ಬರುತ್ತದೆ, ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಸ್ಟಿಕ್ಕರ್ ಕಿತ್ತು ಹೋದರೂ ಮೆನುವಿನಲ್ಲಿ ಇದ್ದೇ ಇರುತ್ತದೆ. ಎರಡು ನಿಮಿಷದ ಕೆಲಸ.


ಕಂಬದ ಮೇಲಿನವ:

ನಾನು ಏಳು ವರ್ಷ ಕುಂಬ್ಳೆ, ಬದಿಯಡ್ಕ ಕಡೆ ಫೈಬರ್ ಎಳೆದವನು, ಈಗ ಆ ಕೆಲಸದಲ್ಲಿ ಇಲ್ಲ, ಹಾಗಾಗಿ ಧೈರ್ಯವಾಗಿ ಹೇಳಬಹುದು. ನಿಮ್ಮ ಸೆಟ್ಟಿಂಗ್ ಬಹುಶಃ ಸರಿಯಾಗಿಯೇ ಇದೆ. ತಪ್ಪು ನಿಮ್ಮ ರೂಟರಿನಿಂದ ಆಚೆ ಇದೆ ಅಂತ ನನ್ನ ಅನುಮಾನ. ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ಹೀಗೆ ಮಾಡಿ.

ರೂಟರ್ ಪುಟದಲ್ಲಿ ಸ್ಟೇಟಸ್ ಅಂತ ಇರುತ್ತದೆ. ಅದರಲ್ಲಿ ವ್ಯಾನ್ ಐಪಿ ಅಂತ ಒಂದು ನಂಬರ್ ಕಾಣುತ್ತದೆ, ಕಂಪನಿ ನಿಮ್ಮ ರೂಟರಿಗೆ ಕೊಟ್ಟ ವಿಳಾಸ ಅದು. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಗೂಗಲ್ ತೋರಿಸುವ ನಿಮ್ಮ ಐಪಿಯನ್ನು ಅದರ ಪಕ್ಕದಲ್ಲಿ ಬರೆಯಿರಿ. ಎರಡೂ ಒಂದೇ ಆದರೆ ನಿಮ್ಮ ಮನೆಗೆ ನೇರ ವಿಳಾಸ ಇದೆ, ಪೋರ್ಟ್ ಫಾರ್ವರ್ಡ್ ಆಗಲೇಬೇಕು, ಆಗದಿದ್ದರೆ ನಿಮ್ಮ ಸೆಟ್ಟಿಂಗಿನಲ್ಲೇ ಹುಡುಕೋಣ. ಎರಡೂ ಬೇರೆ ಬೇರೆ ಆದರೆ ನಡುವೆ ಇನ್ನೊಂದು ರೂಟರ್ ಕೂತಿದೆ. ವ್ಯಾನ್ ಐಪಿ 192.168 ಅಂತ ಶುರುವಾದರೆ ಆ ಇನ್ನೊಂದು ರೂಟರ್ ಹೆಚ್ಚಾಗಿ ನಿಮ್ಮ ಮನೆಯಲ್ಲೇ ಇರುತ್ತದೆ, ಅಂದರೆ ಕಂಪನಿಯ ಪೆಟ್ಟಿಗೆಯ ಹಿಂದೆ ನೀವು ನಿಮ್ಮದೊಂದು ರೂಟರ್ ಹಾಕಿದ್ದೀರಿ ಅಂತ. ಅದಕ್ಕೆ ಕಂಪನಿಯ ಪೆಟ್ಟಿಗೆಯನ್ನು ಬ್ರಿಡ್ಜ್ ಮಾಡಿಸಿದರೆ, ಅಂದರೆ ಅದು ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಹಾಗೆ ಮಾಡಿಸಿದರೆ, ಆಯ್ತು. ಆದರೆ 100 ರಿಂದ ಶುರುವಾಗಿ ಎರಡನೇ ನಂಬರ್ 64 ರಿಂದ 127 ರ ಒಳಗೆ ಇದ್ದರೆ, ಅಥವಾ 10 ರಿಂದ ಶುರುವಾದರೆ, ನಿಮ್ಮ ಕೈಯಲ್ಲಿ ಏನೂ ಇಲ್ಲ. ಅದು ಸಿಜಿನ್ಯಾಟ್.

ಇನ್ನೊಂದು, ಡಿವಿಆರ್‌ನ ನೆಟ್‌ವರ್ಕ್ ಪುಟದಲ್ಲಿ ಗೇಟ್‌ವೇ ಅಂತ ಒಂದು ಸಾಲು ಇದೆ, ಅದರಲ್ಲಿ ಏನಿದೆ ನೋಡಿ ಹೇಳಿ. ನೂರರಲ್ಲಿ ಐವತ್ತು ಮನೆಗಳಲ್ಲಿ ನಾನು ನೋಡಿದ ತಪ್ಪು ಅಲ್ಲೇ.


ತೋಟದಮನೆ:

ಅಣ್ಣಾ, ನೋಡಿದೆ. ವ್ಯಾನ್ ಐಪಿ 100.83 ಅಂತ ಶುರು. ಗೂಗಲ್‌ನಲ್ಲಿ ಬರುವುದು ಬೇರೆಯೇ ನಂಬರ್. ಡಿವಿಆರ್‌ನ ಗೇಟ್‌ವೇ 192.168.0.1 ಅಂತ ಇದೆ, ನಮ್ಮ ರೂಟರ್ 192.168.1.1. ಮಾವನ ಅಂಗಡಿಯಲ್ಲಿದ್ದಾಗ ಹಾಕಿದ್ದು ಹಾಗೇ ಉಳಿದಿರಬೇಕು. ಅಂದರೆ ಎರಡು ತಪ್ಪು ಒಟ್ಟಿಗೆ?

ಸಿಜಿನ್ಯಾಟ್ ಅಂದರೆ ಏನು, ಸ್ವಲ್ಪ ಬಿಡಿಸಿ ಹೇಳ್ತೀರಾ. ಇಷ್ಟು ದಿನ ಯೂಟ್ಯೂಬಿನಲ್ಲಿ ನೋಡಿದ ಒಬ್ಬರೂ ಈ ಹೆಸರು ಎತ್ತಲಿಲ್ಲ.


ಕಂಬದ ಮೇಲಿನವ:

ಹೌದು, ಎರಡು ತಪ್ಪು. ಗೇಟ್‌ವೇ ಮೊದಲು ಸರಿ ಮಾಡಿ. ಒಂದೇ ಮನೆಯೊಳಗೆ ಮಾತಾಡಲಿಕ್ಕೆ ಗೇಟ್‌ವೇ ಬೇಡ, ಅದಕ್ಕೇ ವೈಫೈಯಲ್ಲಿ ನಿಮಗೆ ಕಂಡದ್ದು. ಹೊರಗಿನಿಂದ ಬಂದ ಕರೆಗೆ ಉತ್ತರ ಕಳಿಸಬೇಕಾದರೆ ಡಿವಿಆರ್‌ಗೆ ಬಾಗಿಲು ಎಲ್ಲಿದೆ ಅಂತ ಗೊತ್ತಿರಬೇಕು. ನಿಮ್ಮದು ಇಲ್ಲದ ಬಾಗಿಲನ್ನು ಹುಡುಕುತ್ತಾ ಇತ್ತು. ಡಿವಿಆರ್‌ನಲ್ಲಿ ಗಂಟೆ ತಪ್ಪಾಗಿ ತೋರಿಸುತ್ತಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು, ನೆಟ್ಟಿನಿಂದ ಸಮಯ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲವಲ್ಲ. ಕಳ್ಳ ಬಂದ ಹೊತ್ತು ತಪ್ಪಾಗಿ ದಾಖಲಾದರೆ ಪೊಲೀಸರ ಹತ್ತಿರ ಹೋಗಿ ಏನು ತೋರಿಸುವುದು.

ಈಗ ಸಿಜಿನ್ಯಾಟ್. ನಿಮಗೆ ಪಿಪಿ ನಂಬರ್ ನೆನಪಿದೆಯಾ? ಊರಿಗೆಲ್ಲ ಪೇಟೆಯ ಅಂಗಡಿಯಲ್ಲಿ ಒಂದೇ ಫೋನ್. ಮದುವೆ ಕಾಗದದಲ್ಲಿ ಅದೇ ನಂಬರಿನ ಪಕ್ಕ ಪಿಪಿ ಅಂತ ಅಚ್ಚು ಹಾಕಿಸುತ್ತಿದ್ದೆವು. ನೀವು ಅಂಗಡಿಗೆ ಹೋಗಿ ಯಾರಿಗೆ ಬೇಕಾದರೂ ಫೋನ್ ಮಾಡಬಹುದು, ಅದಕ್ಕೆ ಅಡ್ಡಿ ಇಲ್ಲ. ಹೊರಗಿನಿಂದ ಫೋನ್ ಬಂದರೆ? ಯಾರ ಮನೆಗೆ ಅಂತ ಅಂಗಡಿಯವರಿಗೆ ಗೊತ್ತಾಗಬೇಕು, ಹುಡುಗನನ್ನು ಓಡಿಸಬೇಕು. ಸಿಜಿನ್ಯಾಟ್ ಅದೇ, ಆದರೆ ಓಡುವ ಹುಡುಗ ಇಲ್ಲ. ಹೊರಗಿನಿಂದ ಬಂದ ಕರೆಯನ್ನು ಕಂಪನಿಯ ದೊಡ್ಡ ರೂಟರ್ ಅಲ್ಲೇ ಕತ್ತರಿಸಿ ಬಿಸಾಡುತ್ತದೆ. ನಿಮ್ಮ ಮನೆಯ ರೂಟರಿನಲ್ಲಿ ಬಾಗಿಲು ತೆಗೆದು ಇಟ್ಟಿದ್ದೀರಿ, ಸರಿ. ಆ ಬಾಗಿಲಿನವರೆಗೆ ಯಾರೂ ಬರುವುದೇ ಇಲ್ಲ.

ಕೇಬಲಿನವರನ್ನು ಬೈದು ಪ್ರಯೋಜನ ಇಲ್ಲ. ಹಳೆಯ ಮಾದರಿಯ ಐಪಿ ವಿಳಾಸ ಇಡೀ ಪ್ರಪಂಚಕ್ಕೆ ಇರುವುದೇ ಸುಮಾರು 429 ಕೋಟಿ. ನಮ್ಮ ಏಷ್ಯಾ ಕಡೆಗೆ ಹಂಚುವ ಎಪಿನಿಕ್ 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂದು, ಅಲ್ಲಿಂದ ಅಳೆದು ಅಳೆದು ಕೊಡುತ್ತಿದೆ. 2012ರಲ್ಲಿ 100.64 ರಿಂದ 100.127 ರವರೆಗಿನ ನಂಬರುಗಳನ್ನು ಇದೇ ಕೆಲಸಕ್ಕೆ ಅಂತ ಬೇರೆ ತೆಗೆದಿಟ್ಟರು. ತಡವಾಗಿ ಹುಟ್ಟಿದ ಸಣ್ಣ ಕಂಪನಿಗಳಿಗೆ ಸಿಕ್ಕಿದ್ದು ಬೊಗಸೆಯಷ್ಟು, ಅದರಲ್ಲೇ ಸಾವಿರ ಮನೆ ಸಾಗಬೇಕು.

ನಿಮ್ಮ ಮುಂದೆ ಇರುವ ದಾರಿ: ಕೇಬಲಿನವರ ಹತ್ತಿರ ಸ್ಟ್ಯಾಟಿಕ್ ಐಪಿ (ನಿಮ್ಮ ಮನೆಗೇ ಅಂತ ಒಂದು ಖಾಯಂ ವಿಳಾಸ) ಕೇಳಿ, ಕಸ್ಟಮರ್ ಕೇರ್ ಬೇಡ, ನಿಮ್ಮ ಏರಿಯಾದ ಹುಡುಗನನ್ನೇ ಹಿಡಿಯಿರಿ. ದುಡ್ಡು ಕೊಟ್ಟರೆ ಕೊಡುವವರು ಇದ್ದಾರೆ. ಇಲ್ಲದಿದ್ದರೆ ಹೊಸ ಮಾದರಿಯ ವಿಳಾಸ, ಐಪಿವಿ6, ಇದೆಯಾ ನೋಡಿ. ಅದರಲ್ಲಿ ವಿಳಾಸಕ್ಕೆ ಬರ ಇಲ್ಲ, ಆದರೆ ಹಳೆಯ ಡಿವಿಆರ್‌ಗೆ ಅದು ಅರ್ಥ ಆಗುವುದು ಕಷ್ಟ. ಅದೂ ಇಲ್ಲದಿದ್ದರೆ ಟೇಲ್‌ಸ್ಕೇಲ್ ತರದ್ದು, ಅಂದರೆ ದೂರದ ಸಾಧನಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಸಾಫ್ಟ್‌ವೇರ್.


ಉಪ್ಪಳದ ಅಕ್ಕ:

ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳುವ ಮೊದಲು ನನ್ನದೊಂದು ಮಾತು ಕೇಳಿ. ನಿಮಗೆ ಸಿಜಿನ್ಯಾಟ್ ಇದ್ದದ್ದು ಒಂದು ಲೆಕ್ಕದಲ್ಲಿ ನಿಮ್ಮ ಪುಣ್ಯ.

ನಮ್ಮ ಬಟ್ಟೆ ಅಂಗಡಿಯಲ್ಲಿ ನೇರ ಐಪಿ ಇತ್ತು. ಕ್ಯಾಮೆರಾ ಹಾಕಿದವನು ಪೋರ್ಟ್ ತೆರೆದು, ಪಾಸ್‌ವರ್ಡ್ 12345 ಇಟ್ಟು, ದುಡ್ಡು ತೆಗೆದುಕೊಂಡು ಹೋದ. ಎರಡು ವರ್ಷ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ಡಿವಿಆರ್ ನಮ್ಮ ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ, ಕ್ಯಾಮೆರಾಗಳ ಹೆಸರೆಲ್ಲ ಬದಲಾಗಿದೆ. ಯಾರು ಎಷ್ಟು ದಿನದಿಂದ ಒಳಗಿದ್ದರೋ ಗೊತ್ತಿಲ್ಲ. ಆ ಕ್ಯಾಮೆರಾ ಇದ್ದದ್ದು ಗಲ್ಲಾದ ಮೇಲೆ, ಮತ್ತೊಂದು ನಮ್ಮ ಹುಡುಗಿಯರು ಕೂತು ಊಟ ಮಾಡುವ ಒಳಗಿನ ಕೋಣೆಯಲ್ಲಿ. ಅದನ್ನು ನೆನೆಸಿದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಕೂತು ಓದಿದೆ. ತೋಟದಮನೆಯವರೇ, ನೀವು ಹೇಳಿದ 34567 ಪೋರ್ಟ್ ಇದೆಯಲ್ಲ, ಹೆಸರಿಲ್ಲದ ಪೆಟ್ಟಿಗೆಗಳಲ್ಲಿ ಅದು ಕಂಡರೆ ಒಳಗಿನ ಬೋರ್ಡ್ ಹೆಚ್ಚಾಗಿ ಚೀನಾದ ಶಿಯೋಂಗ್‌ಮಾಯ್‌ದು. 2016ರಲ್ಲಿ ಮಿರಾಯ್ ಅಂತ ಒಂದು ವೈರಸ್ ಬಂತು. ಅದು ಮಾಡಿದ್ದು ಇಷ್ಟೇ, ನೆಟ್ಟಿನಲ್ಲಿ ತೆರೆದಿರುವ ಕ್ಯಾಮೆರಾ, ಡಿವಿಆರ್ ಹುಡುಕಿ ಕಂಪನಿಯವರು ಇಟ್ಟ ಪಾಸ್‌ವರ್ಡ್ ಒಂದೊಂದಾಗಿ ಹಾಕಿ ನೋಡುವುದು. ಅದರ ಪಟ್ಟಿಯಲ್ಲಿ ಇದ್ದದ್ದು ಅರವತ್ತು ಚಿಲ್ಲರೆ ಜೋಡಿ ಅಷ್ಟೇ. ಅಷ್ಟರಲ್ಲೇ ಲಕ್ಷಗಟ್ಟಲೆ ಪೆಟ್ಟಿಗೆ ಕೈವಶ ಮಾಡಿಕೊಂಡು, ಅಕ್ಟೋಬರ್ 21ರಂದು ಡಿನ್ ಅನ್ನುವ ಅಮೆರಿಕದ ಕಂಪನಿಯ ಮೇಲೆ ಬಿಟ್ಟರು, ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ಸಿಗಲಿಲ್ಲ. ಯಾರದೋ ಹಟ್ಟಿಯ ಹಿಂದಿನ ಕ್ಯಾಮೆರಾ ಅದರಲ್ಲಿ ಪಾಲುದಾರ.

ಬಂದ್ಯೋಡಿನವರಿಗೂ ಹೇಳುತ್ತೇನೆ, ಪಿಟುಪಿ ಸುಲಭ ಹೌದು. ಆದರೆ ಇದೇ ಬೋರ್ಡಿನ ಕ್ಲೌಡ್‌ನಲ್ಲಿ 2018ರಲ್ಲಿ ದೊಡ್ಡ ತೂತು ಸಿಕ್ಕಿತ್ತು. ಎಸ್‌ಇಸಿ ಕನ್ಸಲ್ಟ್ ಅನ್ನುವವರು ಹುಡುಕಿದ್ದು, ಸುಮಾರು 90 ಲಕ್ಷ ಪೆಟ್ಟಿಗೆಗಳು ಹೀಗೆ ಸಿಕ್ಕಿಬೀಳುತ್ತವೆ ಅಂದರು. ಅಡ್ಮಿನ್‌ಗೆ ಪಾಸ್‌ವರ್ಡೇ ಇಲ್ಲದೆ ಖಾಲಿ, ಜೊತೆಗೆ ಮೆನುವಿನಲ್ಲಿ ಕಾಣದ ಇನ್ನೊಬ್ಬ ಬಳಕೆದಾರ ಒಳಗೆ ಕೂತಿದ್ದ. ಅವನ ಹೆಸರು ಡಿಫಾಲ್ಟ್, ಪಾಸ್‌ವರ್ಡ್ ಅದೇ ಹೆಸರನ್ನು ಹಿಂದಿನಿಂದ ಬರೆದದ್ದು! ನಗು ಬರುತ್ತದೆ, ಅಲ್ವಾ? ಹಳೆಯ ಡಿವಿಆರ್ ಆದರೆ ಇದೆಲ್ಲ ಹಾಗೇ ಉಳಿದಿರುವ ಸಾಧ್ಯತೆ ಜಾಸ್ತಿ.


ಬಂದ್ಯೋಡು 99:

ಅಕ್ಕ, ಹೆದರಿಸಬೇಡಿ. ನಾನು ಆರು ವರ್ಷದಿಂದ ಪೋರ್ಟ್ ತೆರೆದೇ ಇಟ್ಟಿದ್ದೇನೆ (ಮನೆಯದ್ದು ಪಿಟುಪಿ, ಅಂಗಡಿಯದ್ದು ಪೋರ್ಟ್). ಹೊರಗಿನ ಪೋರ್ಟ್ 80 ಬಿಟ್ಟು 48211 ಅಂತ ಯಾವುದೋ ಒಂದು ಕೊಟ್ಟರೆ ಯಾರಿಗೂ ಸಿಗುವುದಿಲ್ಲ. ಪಾಸ್‌ವರ್ಡ್ ಉದ್ದ ಇಟ್ಟರೆ ಆಯ್ತು. ಪೆರ್ಲದ ಅಡಿಕೆ ಅಂಗಳ ನೋಡಲಿಕ್ಕೆ ರಷ್ಯಾದಿಂದ ಯಾರು ಬರ್ತಾರೆ?


ಉಪ್ಪಳದ ಅಕ್ಕ:

ಅಂಗಳ ನೋಡಲಿಕ್ಕೆ ಯಾರೂ ಬರುವುದಿಲ್ಲ, ತಮ್ಮಾ. ನಿನ್ನ ಪೆಟ್ಟಿಗೆಯ ಒಳಗಿನ ಕಂಪ್ಯೂಟರ್ ಅವರಿಗೆ ಬೇಕು. ಪೋರ್ಟ್ ಇರುವುದು ಒಟ್ಟು 65535. ಒಂದು ವಿಳಾಸದ ಎಲ್ಲ ಪೋರ್ಟನ್ನೂ ತಟ್ಟಿ ನೋಡಲಿಕ್ಕೆ ಯಂತ್ರಕ್ಕೆ ಎಷ್ಟು ಹೊತ್ತು ಬೇಕು? ಶೋಡಾನ್ ಅಂತ ಸೈಟೇ ಇದೆ, 2009ರಿಂದ ಇದನ್ನೇ ಮಾಡುತ್ತಿದೆ. ನಿನ್ನ ಅಂಗಡಿಯ ಐಪಿ ಅದರಲ್ಲಿ ಹಾಕಿ ನೋಡು, 48211 ಇದ್ದರೂ ಇರಬಹುದು.

ಇನ್ನು ಪಾಸ್‌ವರ್ಡ್ ಉದ್ದ ಇಡುವ ವಿಷಯ. ಇಡಲೇಬೇಕು, ಸರಿ. ಆದರೆ 2021ರಲ್ಲಿ ಹಿಕ್‌ವಿಷನ್ ಸಾಧನಗಳಲ್ಲಿ ಸಿಕ್ಕಿದ ತೂತಿಗೆ ಪಾಸ್‌ವರ್ಡ್ ಬೇಕಾಗಿಯೇ ಇರಲಿಲ್ಲ, ಲಾಗಿನ್ ಆಗದೆಯೇ ಒಳಗೆ ಹೋಗಿ ಬೇಕಾದ ಆಜ್ಞೆ ಕೊಡಬಹುದಿತ್ತು. ಕಂಪನಿ ಸೆಪ್ಟೆಂಬರ್‌ನಲ್ಲಿ ಸರಿ ಮಾಡಿದ ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್) ಬಿಟ್ಟಿತು. ನೀನು ಫರ್ಮ್‌ವೇರ್ ಹಾಕಿ ಎಷ್ಟು ವರ್ಷ ಆಯ್ತು? ದೊಡ್ಡ ಕಂಪನಿ ಆದರೆ ತೂತು ಮುಚ್ಚುವವರು ಇರುತ್ತಾರೆ, ಹೆಸರಿಲ್ಲದ ಪೆಟ್ಟಿಗೆಗೆ ಯಾರು?


ಬಂದ್ಯೋಡು 99:

ಶೋಡಾನ್ ನೋಡಿದೆ. ಈಗ ಅಂಗಡಿಗೆ ಹೊರಟಿದ್ದೇನೆ. ಆಮೇಲೆ ಮಾತಾಡುವ.


ತೋಟದಮನೆ:

ಇದನ್ನೆಲ್ಲ ಓದಿ ಮೂರೂ ಪೋರ್ಟಿನ ರೂಲ್ ಅಳಿಸಿದೆ. ಸ್ಟ್ಯಾಟಿಕ್ ಐಪಿ ಬಗ್ಗೆ ಏರಿಯಾದ ಹುಡುಗನನ್ನು ಕೇಳಿದೆ, ತಿಂಗಳಿಗೆ 200 ಜಾಸ್ತಿ ಆಗುತ್ತದೆ, ಒಂದು ವರ್ಷದ್ದು ಒಟ್ಟಿಗೆ ಕೊಡಬೇಕು, ಆಗಲಿಕ್ಕೆ ಹತ್ತು ದಿನ ಅಂದ. ನನ್ನ ಬಸ್ ಭಾನುವಾರ. ಟೇಲ್‌ಸ್ಕೇಲ್ ಹೇಗೆ ಮಾಡುವುದು? ಡಿವಿಆರ್ ಒಳಗೆ ಅದನ್ನು ಹಾಕಲಿಕ್ಕೆ ಆಗುವುದಿಲ್ಲವಲ್ಲ. ಮನೆಯಲ್ಲಿ ನನ್ನ ಕಾಲೇಜು ಕಾಲದ ಒಂದು ಲ್ಯಾಪ್‌ಟಾಪ್ ಇದೆ, ಸ್ಕ್ರೀನ್ ಅರ್ಧ ಕಪ್ಪು, ಅದಾಗುತ್ತದಾ?


ಮುಳ್ಳೇರಿಯಾ ಬಸ್:

ಆಗುತ್ತದೆ, ಧಾರಾಳ. ನಮ್ಮ ಮನೆಯಲ್ಲಿ ಓಡುತ್ತಿರುವುದೂ ಹಾಗೇ. ನಾನು ಮಾಡಿದ್ದನ್ನು ಹೇಳುತ್ತೇನೆ.

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಉಬುಂಟು ಸಾಕು. ಮುಚ್ಚಳ ಮುಚ್ಚಿದರೆ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಮಾಡಿ, ಇದನ್ನು ಮರೆತು ನಾನು ಒಂದು ವಾರ ಕಳೆದೆ. ವೈಫೈ ಬೇಡ, ಕೇಬಲ್‌ನಲ್ಲೇ ರೂಟರಿಗೆ ಜೋಡಿಸಿ. ಟೇಲ್‌ಸ್ಕೇಲ್ ಹಾಕಿ ನಿಮ್ಮ ಖಾತೆಗೆ ಲಾಗಿನ್ ಆಗಿ. ಅದೇ ಖಾತೆಯಲ್ಲಿ ನಿಮ್ಮ ಫೋನಿನಲ್ಲೂ ಆ್ಯಪ್ ಹಾಕಿ. ಮನೆಮಟ್ಟಿಗೆ ಅದು ಪುಕ್ಕಟೆ. ಈಗ ಫೋನು ಮತ್ತು ಲ್ಯಾಪ್‌ಟಾಪ್ ಒಂದಕ್ಕೊಂದು ಎಲ್ಲಿದ್ದರೂ ಕಾಣುತ್ತವೆ. ಡಿವಿಆರ್ ಕಾಣುವುದಿಲ್ಲ. ಅದಕ್ಕೆ ಲ್ಯಾಪ್‌ಟಾಪನ್ನು ಸಬ್‌ನೆಟ್ ರೂಟರ್ ಮಾಡಬೇಕು. ಅಂದರೆ, ಈ ಮನೆಯ 192.168.1 ರ ವಿಳಾಸಗಳಿಗೆಲ್ಲ ನನ್ನ ಮೂಲಕ ಬನ್ನಿ ಅಂತ ಅದು ಡಂಗುರ ಸಾರಬೇಕು. ಟೇಲ್‌ಸ್ಕೇಲ್ ಶುರು ಮಾಡುವಾಗ ಅಡ್ವರ್ಟೈಸ್ ರೂಟ್ಸ್ ಅಂತ ಒಂದು ಆಯ್ಕೆ ಕೊಡಬೇಕು, ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಬೇಕು, ಆಮೇಲೆ ಟೇಲ್‌ಸ್ಕೇಲ್ ವೆಬ್‌ಸೈಟಿನಲ್ಲಿ ನಿಮ್ಮ ಖಾತೆಗೆ ಹೋಗಿ ಆ ರೂಟ್‌ಗೆ ಒಪ್ಪಿಗೆ ಕೊಡಬೇಕು. ಕೊನೆಯದ್ದನ್ನು ಎಲ್ಲರೂ ಮರೆಯುತ್ತಾರೆ. ಅಲ್ಲೇ ಲ್ಯಾಪ್‌ಟಾಪ್‌ನ ಕೀ (ಅದರ ಲಾಗಿನ್ ಗುರುತು) ಅವಧಿ ಮುಗಿಯದ ಹಾಗೆಯೂ ಮಾಡಿ, ಇಲ್ಲದಿದ್ದರೆ ಒಂದು ದಿನ ಅದು ತಾನಾಗಿ ಲಾಗೌಟ್ ಆಗಿ ನೀವು ಬೆಂಗಳೂರಿನಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತೀರಿ.

ಒಂದು ಗೊಂದಲ ಬರಬಹುದು. ಟೇಲ್‌ಸ್ಕೇಲ್ ಕೊಡುವ ವಿಳಾಸವೂ 100 ರಿಂದಲೇ ಶುರುವಾಗುತ್ತದೆ, ಅದೇ ಸಿಜಿನ್ಯಾಟ್‌ನ ಸಾಲಿನಿಂದ ತೆಗೆದದ್ದು. ನಿಮ್ಮ ವ್ಯಾನ್ ಐಪಿ ಅಂದುಕೊಂಡು ಗಾಬರಿ ಬೀಳಬೇಡಿ.

ಇದು ಸಿಜಿನ್ಯಾಟ್ ಇದ್ದರೂ ಹೇಗೆ ನಡೆಯುತ್ತದೆ ಅಂದರೆ, ಎರಡು ಕಡೆಯವರೂ ಒಳಗಿನಿಂದ ಹೊರಗೆ ಕರೆ ಮಾಡುತ್ತಾರೆ, ಹೊರಗಿನಿಂದ ಯಾರೂ ಒಳಗೆ ಬರುವುದಿಲ್ಲ. ಮೇಲಿನ ಪಿಪಿ ಫೋನಿನ ಲೆಕ್ಕದಲ್ಲಿ, ಇಬ್ಬರೂ ಮೊದಲೇ ಹೇಳಿಕೊಂಡ ಹೊತ್ತಿಗೆ ಅವರವರ ಅಂಗಡಿಗೆ ಬಂದು ನಿಂತ ಹಾಗೆ. ನೇರ ಜೋಡಣೆ ಆಗದಿದ್ದರೆ ಅವರ ಸರ್ವರ್ ಮೂಲಕ ಸುತ್ತು ಹಾಕಿ ಬರುತ್ತದೆ, ಆಗ ಚಿತ್ರ ಸ್ವಲ್ಪ ತಡ.


ಕಂಬದ ಮೇಲಿನವ:

ಚಂದ ಹೇಳಿದ್ದೀರಿ. ಎರಡು ಮಾತು ಸೇರಿಸುತ್ತೇನೆ.

ಬೆಂಗಳೂರಿನ ನಿಮ್ಮ ರೂಮಿನ ವೈಫೈ ಕೂಡ 192.168.1 ರಲ್ಲೇ ಇದ್ದರೆ ಎಡವಟ್ಟಾಗುತ್ತದೆ. 192.168.1.108 ಅಂದಾಗ ಫೋನ್ ನಿಮ್ಮ ರೂಮಿನಲ್ಲೇ ಹುಡುಕಲು ಹೊರಡುತ್ತದೆ. ಊರಿನ ಮನೆಯದ್ದನ್ನು 192.168.57 ಅಂತಲೋ ಏನೋ ಬದಲಾಯಿಸಿಬಿಡಿ. ಬದಲಾಯಿಸುವಾಗ ಮೊದಲು ಡಿವಿಆರ್‌ನ ಐಪಿ, ಗೇಟ್‌ವೇ ಬದಲಾಯಿಸಿ, ಆಮೇಲೆ ರೂಟರ್. ಉಲ್ಟಾ ಮಾಡಬೇಡಿ.

ಮತ್ತೆ ಯಾವಾಗಲೂ ಸಬ್ ಸ್ಟ್ರೀಮ್‌ನಲ್ಲೇ (ಡಿವಿಆರ್ ಕಳಿಸುವ ಸಣ್ಣ ಗಾತ್ರದ ಚಿತ್ರ) ನೋಡಿ. ಮೇನ್ ಸ್ಟ್ರೀಮ್ ಒಂದು ಕ್ಯಾಮೆರಾಕ್ಕೆ 4 ಎಂಬಿಪಿಎಸ್ ಇಟ್ಟಿದ್ದರೆ ಗಂಟೆಗೆ 1.8 ಜಿಬಿ ಡೇಟಾ ಹೋಗುತ್ತದೆ. ನಾಲ್ಕು ಕ್ಯಾಮೆರಾ ಒಟ್ಟಿಗೆ ತೆರೆದರೆ ಮನೆಯ ಕಡೆಯಿಂದ 16 ಎಂಬಿಪಿಎಸ್ ಅಪ್‌ಲೋಡ್ ಬೇಕು. ಸಬ್ ಸ್ಟ್ರೀಮ್ 512 ಕೆಬಿಪಿಎಸ್ ಆದರೆ ಗಂಟೆಗೆ ಕಾಲು ಜಿಬಿಯೂ ಆಗುವುದಿಲ್ಲ. ಕಳ್ಳನ ಮುಖ ನೋಡಬೇಕಾದರೆ ಡಿಸ್ಕಿನಲ್ಲಿ ದೊಡ್ಡದು ಇದ್ದೇ ಇರುತ್ತದೆ.

ರೂಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ. ಅದು ಆನ್ ಇದ್ದರೆ ಡಿವಿಆರ್ ನಿಮ್ಮನ್ನು ಕೇಳದೆ ತಾನೇ ಪೋರ್ಟ್ ತೆರೆಯುತ್ತದೆ. ಮುಂದೆ ಯಾವತ್ತಾದರೂ ಸ್ಟ್ಯಾಟಿಕ್ ಐಪಿ ತೆಗೆದುಕೊಂಡರೂ ಕ್ಯಾಮೆರಾದ ಪೋರ್ಟ್ ತೆರೆಯಬೇಡಿ, ವೈರ್‌ಗಾರ್ಡ್ ಅನ್ನುವ ವಿಪಿಎನ್‌ಗೆ ಒಂದೇ ಪೋರ್ಟ್ ಕೊಡಿ, ಯುಡಿಪಿ 51820. ಕೀ ಇಲ್ಲದವರು ತಟ್ಟಿದರೆ ಅದು ತುಟಿ ಬಿಚ್ಚುವುದಿಲ್ಲ.


ತೋಟದಮನೆ:

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಆಗಿದೆ! ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಅಂಗಳ ನೋಡಿದೆ. ಅಡಿಕೆಯ ಮೇಲೆ ನಾಯಿ ಮಲಗಿತ್ತು, ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಅವರು ಹೊರಗೆ ಬಂದು ಕ್ಯಾಮೆರಾ ಕಡೆ ನೋಡಿ ಕೈಮುಗಿದರು.

ಆದರೆ ಸುಲಭವಾಗಿ ಆಗಲಿಲ್ಲ. ಕಂಬದ ಮೇಲಿನ ಅಣ್ಣ ಉಲ್ಟಾ ಮಾಡಬೇಡಿ ಅಂದದ್ದನ್ನು ನಾನು ಆಮೇಲೆ ಓದಿದ್ದು. ರೂಟರ್ ಮೊದಲು ಬದಲಾಯಿಸಿದೆ, ಡಿವಿಆರ್ ಕಣ್ಮರೆ. ಮತ್ತೆ ಚಾವಡಿಯ ಟಿವಿ ಕಿತ್ತು ಡಿವಿಆರ್ ಹತ್ತಿರ ತಂದು, ಮೌಸ್ ಸಿಕ್ಕಿಸಿ ಸರಿ ಮಾಡಬೇಕಾಯ್ತು. ಅಪ್ಪನ ಏಳು ಗಂಟೆಯ ವಾರ್ತೆ ಹೋಯ್ತು, ರಾತ್ರಿ ಊಟಕ್ಕೆ ಮಾತಿಲ್ಲ. ಡಿವಿಆರ್‌ನ ಗಂಟೆ ನೋಡಿದರೆ ಅಣ್ಣ ಹೇಳಿದ ಹಾಗೇ, ನಾಲ್ಕು ಗಂಟೆ ಹಿಂದೆ ಇತ್ತು. ಗೇಟ್‌ವೇ ಹಾಕಿದ ಮೇಲೆ ತಾನಾಗಿ ಸರಿಯಾಯ್ತು.

ಡಿವಿಆರ್‌ನ ಆ್ಯಪ್‌ನ ಗೊಡವೆಯೇ ಬೇಡ ಅಂತ ಟೈನಿಕ್ಯಾಮ್ ಅನ್ನುವ ಬೇರೆ ಆ್ಯಪ್ ಹಾಕಿ, ಟೇಲ್‌ಸ್ಕೇಲ್ ಒಳಗಿನಿಂದಲೇ ಪೋರ್ಟ್ 554 ರ ಮೂಲಕ ನೋಡುತ್ತಿದ್ದೇನೆ, ಸಬ್ ಸ್ಟ್ರೀಮ್. ಡಿವಿಆರ್‌ನ ಕ್ಲೌಡ್ ಆಫ್. ಅಡ್ಮಿನ್ ಪಾಸ್‌ವರ್ಡ್ ನಿಜವಾಗಿಯೂ ಖಾಲಿ ಇತ್ತು ಅಕ್ಕ, ಮಾವನಿಗೆ ಹೇಳಿದರೆ "ಅಂಗಡಿಯಲ್ಲಿ ನಾವೇ ಇದ್ದೆವಲ್ಲ" ಅಂದರು.

ಎರಡನೇ ದಿನವೇ ರಾತ್ರಿ ಎಂಟಕ್ಕೆ ಎಲ್ಲ ಬಂದ್. ಒಂದು ಗಂಟೆ ಇಲ್ಲಿಂದ ಏನೆಲ್ಲ ನೋಡಿದೆ. ಕೊನೆಗೆ ಫೋನ್ ಮಾಡಿದರೆ ಅಮ್ಮ, "ಗುಡುಗು ಶುರುವಾಯ್ತು ಮಗ, ನೆಟ್ಟಿನ ಸ್ವಿಚ್ಚು ಆಫ್ ಮಾಡಿ ಪಿನ್ನು ತೆಗೆದಿಟ್ಟೆ" ಅಂದರು. ಇದಕ್ಕೆ ಯಾವ ಸೆಟ್ಟಿಂಗ್ ಮಾಡುವುದು? ಕಳ್ಳ ಬರುವುದೂ ಅಂಥ ರಾತ್ರಿಯೇ ಅಲ್ವಾ.

ಇನ್ನೊಂದು. ಹಟ್ಟಿಯ ಹಿಂದಿನ ಕ್ಯಾಮೆರಾ ಹಗಲು ಸರಿ ಇದೆ, ರಾತ್ರಿ ಬರೀ ಬಿಳಿ. ಹೊಗೆ ತುಂಬಿದ ಹಾಗೆ, ನಡುವೆ ದಪ್ಪ ಬಿಳಿ ಗೆರೆಗಳು ಅಲ್ಲಾಡುತ್ತವೆ. ಕ್ಯಾಮೆರಾ ಹೋಯ್ತಾ?


ಕಂಬದ ಮೇಲಿನವ:

ಅಮ್ಮ ಮಾಡಿದ್ದು ಸರಿ, ಅವರನ್ನು ತಡೆಯಬೇಡಿ. ನಮ್ಮ ಕಡೆಯ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗಿಗೆ ಎಷ್ಟು ಪೆಟ್ಟಿಗೆ ಸುಟ್ಟದ್ದನ್ನು ನಾನು ಕೈಯಾರೆ ಬದಲಾಯಿಸಿದ್ದೇನೆ. ಫೈಬರ್ ಗಾಜು, ಅದರಲ್ಲಿ ಸಿಡಿಲು ಬರುವುದಿಲ್ಲ, ಬರುವುದು ಕರೆಂಟಿನ ತಂತಿಯಲ್ಲಿ ಮತ್ತು ನಿಮ್ಮ ಕ್ಯಾಮೆರಾದ ಉದ್ದ ಕೇಬಲಿನಲ್ಲಿ. 12 ವೋಲ್ಟಿನ ಸಣ್ಣ ಡಿಸಿ ಯುಪಿಎಸ್ ಸಿಗುತ್ತದೆ, ರೂಟರಿಗೆ ಒಂದು ಹಾಕಿ. ಆಗ ಗೋಡೆಯ ಪಿನ್ ತೆಗೆದರೂ ರೂಟರ್ ಕೆಲವು ಗಂಟೆ ಓಡುತ್ತದೆ, ಲ್ಯಾಪ್‌ಟಾಪ್‌ಗೆ ಅದರದ್ದೇ ಬ್ಯಾಟರಿ ಇದೆ, ಅದರಲ್ಲಿ ಇನ್ನೂ ಜೀವ ಇದ್ದರೆ. ಡಿವಿಆರ್ ಮತ್ತು ಕ್ಯಾಮೆರಾಗಳಿಗೆ ದೊಡ್ಡದು ಬೇಕು. ಹಟ್ಟಿಯ ಕಡೆಯಿಂದ ಬರುವ ಉದ್ದ ಕೇಬಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿ ಸರಿಯಾಗಿ ಅರ್ತಿಂಗ್ ಕೊಡಿಸಿ. ಅರ್ತಿಂಗ್ ಇಲ್ಲದೆ ಅದನ್ನು ಹಾಕುವುದೂ ಒಂದೇ, ಹಾಕದಿರುವುದೂ ಒಂದೇ. ಹತ್ತಿರಕ್ಕೆ ಸಿಡಿಲು ಬಿದ್ದರೆ ಇದ್ಯಾವುದೂ ಉಳಿಸುವುದಿಲ್ಲ, ಅದೂ ಗೊತ್ತಿರಲಿ.


ಉಪ್ಪಳದ ಅಕ್ಕ:

ಕ್ಯಾಮೆರಾ ಹೋಗಿಲ್ಲ. ಅದು ಜೇಡರ ಬಲೆ. ರಾತ್ರಿ ಕ್ಯಾಮೆರಾದ ಸುತ್ತ ಇರುವ ಸಣ್ಣ ದೀಪಗಳು ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಡುತ್ತವೆ, ಅದರ ಎದುರಿಗೇ ಜೇಡ ಬಲೆ ಕಟ್ಟುತ್ತದೆ, ಬಲೆಗೆ ಬೆಳಕು ಬಿದ್ದು ಎಲ್ಲ ಬಿಳಿ. ಹಟ್ಟಿಯ ಹತ್ತಿರ ಆದರೆ ಕೇಳುವುದೇ ಬೇಡ. ಅಪ್ಪನಿಗೆ ಏಣಿ ಹತ್ತಲಿಕ್ಕೆ ಹೇಳಬೇಡಿ, ಉದ್ದ ಕೋಲಿನ ತುದಿಗೆ ಹಿಡಿಸೂಡಿ ಕಟ್ಟಿ ವಾರಕ್ಕೊಮ್ಮೆ ಕೆಳಗಿನಿಂದಲೇ ಗುಡಿಸಿದರೆ ಸಾಕು.


ತೋಟದಮನೆ:

ಅಪ್ಪ ಗುಡಿಸಿದರು, ನಾನು ಇಲ್ಲಿಂದ ಫೋನಿನಲ್ಲಿ ನೋಡುತ್ತಾ ಎಡಕ್ಕೆ, ಬಲಕ್ಕೆ ಅಂತ ಹೇಳಿದೆ. ಈಗ ಹಟ್ಟಿ ಹಿಂದಿನ ಬೇಲಿಯವರೆಗೂ ಕಾಣುತ್ತದೆ. ಹಿಡಿಸೂಡಿ ತಾಗಿ ಕ್ಯಾಮೆರಾ ಸ್ವಲ್ಪ ಮೇಲಕ್ಕೆ ತಿರುಗಿದೆ, ಅರ್ಧ ಚಿತ್ರದಲ್ಲಿ ತೆಂಗಿನ ಗರಿ. ಅದನ್ನು ಮುಂದಿನ ರಜೆಯಲ್ಲಿ ನೋಡುವ.